ಬಾಗಿಲು ತೆಗೆದಿಟ್ಟ ಗುರುವಾರ

ಇದನ್ನು ಬಸ್ಸಿನಿಂದಲೇ ಶುರು ಮಾಡಬೇಕು. 2021ರ ಅಕ್ಟೋಬರ್ ತಿಂಗಳ ಕೊನೆ. ದೀಪಾವಳಿ ಹತ್ತಿರ ಬಂದಿತ್ತು, ಹೊಲಿಗೆ ಕೆಲಸ ಜಾಸ್ತಿ ಇತ್ತು. ಹುಬ್ಬಳ್ಳಿಯ ದುರ್ಗದ ಬೈಲಿಗೆ ಹೋಗಿ ಅಸ್ತರ, ದಾರದ ರೀಲು, ಹುಕ್ಕು ಎಲ್ಲ ತಗೊಂಡು ಗದಗ ಬಸ್ಸು ಹತ್ತಿದೆ. ಪಕ್ಕದಲ್ಲಿ ನನ್ನದೇ ವಯಸ್ಸಿನ ಹೆಣ್ಣುಮಗಳು. ಕೂತ ಐದು ನಿಮಿಷಕ್ಕೇ ಮಾತಿಗೆ ಬಂದಳು. ಮನೆಯಲ್ಲಿ ಹುರಿದ ಶೇಂಗಾ ತೆಗೆದು ನನ್ನ ಕೈಗೆ ಒಂದು ಮುಷ್ಟಿ ಹಾಕಿದಳು. ಒಳ್ಳೆಯ ಹೆಣ್ಣುಮಗಳು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಆಮೇಲೆ ಮೊಬೈಲ್ ತೆಗೆದಳು. ಭೈರಿದೇವರಕೊಪ್ಪದ ವಿಡಿಯೋ. ಆ ತಿಂಗಳು ಹುಬ್ಬಳ್ಳಿ ಕಡೆಯವರೆಲ್ಲರ ಮೊಬೈಲಿಗೂ ಅದು ಬಂದಿತ್ತು. ಕ್ರೈಸ್ತರು ಪ್ರಾರ್ಥನೆ ಮಾಡುವ ಜಾಗಕ್ಕೆ ಒಂದು ಗುಂಪು ಹೋಗಿ, ಅಲ್ಲೇ ಕೂತು ಭಜನೆ ಮಾಡಿದ್ದು.

"ನೋಡ್ರಿ ಯಕ್ಕಾ, ಬಡವರನ್ನ ಕರ್ಕೊಂಡು ಜಾತಿ ಕೆಡಸಾಕತ್ತಾರಂತ. ನಿಮ್ಮ ಗದಗಿನಾಗೂ ಭಾಳ ಮಂದಿ ಅದಾರಂತಲ್ಲ? ನಿಮ್ದು ಯಾವ ಮಂದಿರೀ?"

ನನ್ನ ಬಾಯಿಂದ ಬಂದ ಉತ್ತರ ಇದು: "ನಾವು ನೇಕಾರ ಮಂದಿರೀ."

ಸುಳ್ಳಲ್ಲ. ನಮ್ಮ ಮನೆಯವರ ಮುತ್ತಜ್ಜ ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿ ಕುಣಿ ಮಗ್ಗದ ಮೇಲೆ ಸೀರೆ ನೇಯುತ್ತಿದ್ದರು. ಆದರೆ ಅವಳು ಕೇಳಿದ್ದು ಅದಲ್ಲ, ನಾನು ಹೇಳಬೇಕಾಗಿದ್ದೂ ಅದಲ್ಲ. ಅವಳು ಅಣ್ಣಿಗೇರಿಯಲ್ಲಿ ಇಳಿದು ಹೋದಳು. ಶೇಂಗಾ ನನ್ನ ಮುಷ್ಟಿಯಲ್ಲೇ ಇತ್ತು. ಬೆವರಿಗೆ ಸಿಪ್ಪೆ ಒದ್ದೆಯಾಗಿ ಅಂಗೈಗೆ ಕೆಂಪಗೆ ಅಂಟಿತ್ತು. ಗದಗ ಬರುವವರೆಗೂ ಅದನ್ನು ತಿನ್ನಲೂ ಆಗಲಿಲ್ಲ, ಚೆಲ್ಲಲೂ ಆಗಲಿಲ್ಲ.

ನಾನು ಹುಟ್ಟು ಕ್ರೈಸ್ತಳು. ಬಾಸೆಲ್ ಮಿಷನ್ ಎಂಬ ಯುರೋಪಿನ ಕ್ರೈಸ್ತ ಸಂಸ್ಥೆಯವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ನಮ್ಮ ಬೆಟಗೇರಿಗೆ. ಕನ್ನಡಕ್ಕೆ ದೊಡ್ಡ ನಿಘಂಟು ಮಾಡಿ 1894ರಲ್ಲಿ ಹೊರತಂದ ಕಿಟ್ಟೆಲ್ ಸಾಹೇಬರೂ ಅದೇ ಮಿಷನ್ನಿನವರು. ನಮ್ಮೂರಿನ ಆಸ್ಪತ್ರೆಯನ್ನು ಮಂದಿ ಇವತ್ತಿಗೂ ಜರ್ಮನ್ ಆಸ್ಪತ್ರೆ ಅಂತಲೇ ಕರೆಯುತ್ತಾರೆ. ನಮ್ಮ ತವರಿನ ಕಡೆ ಒಂದು ಮಾತಿದೆ. 1876ರಿಂದ 78ರ ದೊಡ್ಡ ಬರದಲ್ಲಿ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಒಬ್ಬ ಹುಡುಗ ಮಿಷನ್ನಿನ ಅನ್ನ ತಿಂದು ಬದುಕಿದ, ನಾವೆಲ್ಲ ಅವನ ಮೊಮ್ಮಕ್ಕಳ ಮೊಮ್ಮಕ್ಕಳು ಅಂತ. ಅವ್ವ ಇದನ್ನು ಪ್ರತಿ ಕ್ರಿಸ್ಮಸ್‌ಗೆ ಕರ್ಚೀಕಾಯಿ ತುಂಬುತ್ತಾ ಹೇಳುತ್ತಿದ್ದಳು. ಅಷ್ಟು ತಲೆಮಾರು ದಾಟಿ ಬಂದ ವಿಶ್ವಾಸವನ್ನು ನಾನು ಒಂದು ಮುಷ್ಟಿ ಶೇಂಗಾದ ಎದುರು ನುಂಗಿಬಿಟ್ಟೆ. ಯಾರೂ ನನಗೆ ಬೆದರಿಕೆ ಹಾಕಿರಲಿಲ್ಲ, ಕೈ ಎತ್ತಿರಲಿಲ್ಲ. ಬರೇ ಒಂದು ಪ್ರಶ್ನೆ ಕೇಳಿದ್ದಳು.

ಅದಕ್ಕಿಂತ ಕೆಟ್ಟದ್ದು ಮುಂದಿನ ಭಾನುವಾರ ನಡೆಯಿತು. ಆರಾಧನೆ ಮುಗಿದ ಮೇಲೆ ಮರದ ಕೆಳಗೆ ನಿಂತು ಎಲ್ಲರೂ ಹುಬ್ಬಳ್ಳಿಯ ವಿಷಯವನ್ನೇ ಮಾತಾಡುತ್ತಿದ್ದರು. "ಇವರು ಹೊಸಬರು, ಶೆಡ್ಡಿನಾಗ ಕೂಟ ಮಾಡ್ತಾರ, ಮೈಕ್ ಹಚ್ಚಿ ಒದರ್ತಾರ. ಅವರಿಂದ ನಮಗೂ ಕುತ್ತು. ಅವರು ಬ್ಯಾರೆ, ನಾವು ಬ್ಯಾರೆ." ನಾನೂ ಹೌದೌದು ಎಂದೆ. ನಮ್ಮ ಊರ ಅಂಚಿನಲ್ಲೂ ಅಂಥ ಒಂದು ಕುಟುಂಬ ಇದೆ. ಬಾಡಿಗೆ ಶೆಡ್ಡಿನಲ್ಲಿ ಇಪ್ಪತ್ತು ಇಪ್ಪತ್ತೈದು ಮಂದಿ ಸೇರುತ್ತಾರೆ. ಅವರ ಮಗಳ ಫ್ರಾಕನ್ನು ನಾನೇ ಹೊಲಿದು ಕೊಟ್ಟಿದ್ದೆ. ಆ ವಾರ ಆ ತಾಯಿ ಫೋನ್ ಮಾಡಿ, "ಅಕ್ಕಾ, ಮನಸ್ಸಿಗೆ ಭಾಳ ಹೆದರಿಕಿ ಆಗೇತಿ, ನಮಗೋಸ್ಕರ ಪ್ರಾರ್ಥನೆ ಮಾಡ್ರಿ" ಎಂದಳು. ಆಯ್ತು ಎಂದೆ. ಮಾಡಲಿಲ್ಲ. ಬಸ್ಸಿನಲ್ಲಿ ಕರ್ತನನ್ನು ಬಿಟ್ಟುಕೊಟ್ಟೆ, ಮರದ ಕೆಳಗೆ ಅವನ ಮಕ್ಕಳನ್ನೂ ಬಿಟ್ಟುಕೊಟ್ಟೆ. ಭಯ ಬಂದಾಗ ನಾವು ಹೊರಗಿನವರಿಂದ ಮಾತ್ರ ದೂರ ಆಗುವುದಿಲ್ಲ, ನಮ್ಮೊಳಗೇ ಗೆರೆ ಎಳೆದುಕೊಳ್ಳುತ್ತೇವೆ. ಈ ಎರಡನೇ ಗೆರೆ ನನ್ನನ್ನು ಜಾಸ್ತಿ ಸುಟ್ಟಿತು.

ಡಿಸೆಂಬರ್ 23ಕ್ಕೆ ಬೆಳಗಾವಿ ಅಧಿವೇಶನದಲ್ಲಿ ಮತಾಂತರ ನಿಷೇಧದ ಮಸೂದೆ ವಿಧಾನಸಭೆಯಲ್ಲಿ ಪಾಸಾಯಿತು. ಆಗಿನ್ನೂ ಅದು ಕಾಯ್ದೆ ಆಗಿರಲಿಲ್ಲ. ಆದರೆ ಓಣಿಯಲ್ಲಿ ಮಂದಿಗೆ ಅಷ್ಟು ವಿವರ ಯಾರಿಗೆ ಬೇಕು? ಒಟ್ಟು "ಪ್ರಾರ್ಥನಾ ಬಂದ್ ಆಗೇತಿ" ಅನ್ನುವ ಸುದ್ದಿ ಹಬ್ಬಿತು. ಎರಡು ದಿನ ಕಳೆದರೆ ಕ್ರಿಸ್ಮಸ್. ಆ ವರ್ಷ ನಕ್ಷತ್ರದ ದೀಪವನ್ನು ಬೀದಿಗೆ ಕಾಣದ ಹಾಗೆ ಒಳಗಿನ ಅಂಗಳಕ್ಕೆ ಕಟ್ಟಿದೆವು.

ಹೊಸ ವರ್ಷ ಬಂದ ವಾರದಲ್ಲಿ ಓಣಿಯ ಮೊಬೈಲ್ ಗುಂಪಿನಲ್ಲಿ ಒಂದು ದನಿ ಮುದ್ರಣ ಬಂತು. ಯಾರ ದನಿಯೋ ಗೊತ್ತಾಗಲಿಲ್ಲ. ಟೇಲರ್ ಅಕ್ಕನ ಮನೆಯಲ್ಲಿ ಪ್ರತಿ ಗುರುವಾರ ಹೆಣ್ಣುಮಕ್ಕಳನ್ನು ಕೂಡಿಸಿ ದುಡ್ಡು ಕೊಟ್ಟು ಜಾತಿ ಬಿಡಿಸುತ್ತಾರೆ, ಹುಷಾರಾಗಿರ್ರಿ ಅಂತ. ಗುರುವಾರ ಸಂಜೆ ನಮ್ಮ ಮನೆಯಲ್ಲಿ ಸೇರುತ್ತಿದ್ದವರು ಎಂಟು ಮಂದಿ. ಎಲ್ಲರೂ ನಮ್ಮ ಸಭೆಯವರೇ, ಅರ್ಧ ಮಂದಿ ನನಗೆ ಸಂಬಂಧಿಕರು. ಎರಡು ಕೀರ್ತನೆ, ಒಂದು ಅಧ್ಯಾಯ, ಯಾರಿಗೆ ಹುಷಾರಿಲ್ಲ, ಯಾರ ಮಗನಿಗೆ ಕೆಲಸ ಸಿಕ್ಕಿಲ್ಲ ಅಂತ ಒಂದಿಷ್ಟು ಪ್ರಾರ್ಥನೆ, ಆಮೇಲೆ ಚಹಾ. ಇಷ್ಟೇ. ಹದಿನೈದು ವರ್ಷದಿಂದ ಇಷ್ಟೇ.

ಮರುದಿನವೇ ಎದುರು ಮನೆಯ ಅಕ್ಕ ಬಂದಳು. ಅವಳ ಹೆಸರು ಇಲ್ಲಿ ಬೇಡ, ಅಕ್ಕ ಅಂತಲೇ ಕರೆಯುತ್ತೇನೆ, ಅವಳು ನನಗೆ ಅಕ್ಕನೇ. ಮಗಳು ಹುಟ್ಟಿದಾಗ ಐದು ದಿನ ನನಗೆ ಬಿಸಿನೀರು ಕಾಸಿ ಎರೆದವಳು. ಸಂಕ್ರಾಂತಿಗೆ ಹಸಿರು ಇಳಕಲ್ ಸೀರೆಯ ಜಂಪರ್ ಹೊಲಿಯಲು ಕೊಟ್ಟಿದ್ದಳು. ಅದನ್ನು ಆಗಲೇ ಕತ್ತರಿಸಿದ್ದೆ. ಬಾಗಿಲ ಹೊರಗೇ ನಿಂತು, ನನ್ನ ಮುಖ ನೋಡದೆ, "ಹೊಲಿದಿದ್ದಿಲ್ಲಂದ್ರ ಹಂಗ ಕೊಟ್ಬಿಡವಾ" ಎಂದಳು.

"ಯಕ್ಕಾ, ಕತ್ತರಿಸೀನಿ."

"ಇರವಲ್ದ್ಯಾಕ, ಹಂಗ ಕೊಡು."

ಬೆನ್ನಿನ ತುಂಡು, ಮುಂದಿನ ಎರಡು ತುಂಡು, ಪಟ್ಟಿ, ತೋಳು, ಎಲ್ಲದರ ಮೇಲೂ ನನ್ನ ಸುಣ್ಣದ ಗೆರೆ ಇತ್ತು. ಮಡಿಸಿ ಕೈಚೀಲಕ್ಕೆ ಹಾಕಿ ಕೊಟ್ಟೆ. ಆ ಸಂಕ್ರಾಂತಿಗೆ ನನ್ನ ಬಳಿ ಉಳಿದದ್ದು ಮೂರು ಜಂಪರ್. ಹಿಂದಿನ ವರ್ಷ ಹತ್ತೊಂಬತ್ತು ಹೊಲಿದಿದ್ದೆ.

ಗುರುವಾರದ ಕೂಟಕ್ಕೆ ಬಾಗಿಲು ಹಾಕಿದೆವು. ಮೊದಲು ಕಿಟಕಿ ಮಾತ್ರ ಹಾಕಿದೆವು, ಮುಂದಿನ ವಾರ ಬಾಗಿಲಿಗೆ ಚಿಲಕ ಬಿತ್ತು, ಮತ್ತೊಂದು ವಾರ ಚಪ್ಪಲಿ ಹೊರಗೆ ಕಾಣಬಾರದು ಅಂತ ಒಳಗೆ ತಂದಿಟ್ಟೆವು. ಹಾಡು ಸಣ್ಣ ದನಿಗೆ ಇಳಿಯಿತು, ಆಮೇಲೆ ಹಾಡೇ ನಿಂತಿತು. ಎಂಟು ಮಂದಿ ಐದಾದರು, ಮೂರಾದರು. ಫೆಬ್ರವರಿಯಲ್ಲಿ ನಾನೇ ಎಲ್ಲರಿಗೂ ಫೋನ್ ಮಾಡಿ "ಸ್ವಲ್ಪ ದಿನ ಬ್ಯಾಡ" ಎಂದೆ. ಗೋಡೆಯ ಮೇಲಿನ ಬೈಬಲ್ ವಚನದ ಕ್ಯಾಲೆಂಡರನ್ನು ಅಂಗಡಿಗೆ ಬಂದವರಿಗೆ ಕಾಣದ ಹಾಗೆ ಅಡುಗೆಮನೆಗೆ ಒಯ್ದು ಹಾಕಿದೆ. ಮಗಳು ಆಗ ಪಿಯುಸಿ. ಬರಿದಾದ ಮೊಳೆಯನ್ನು ನೋಡಿ, "ಅವ್ವಾ, ನಾವೇನ್ ತಪ್ಪ್ ಮಾಡೇವಿ?" ಎಂದಳು. ನಾನು ಸುಮ್ನೆ ಮಶೀನು ತುಳಿಯುತ್ತಾ ಕೂತೆ.

ಪ್ರಾರ್ಥನೆ ಮಾಡಲಿಲ್ಲವಾ ಅಂತ ಕೇಳಬಹುದು. ಮಾಡುತ್ತಿದ್ದೆ. ಆದರೆ ಏನು ಬೇಡುತ್ತಿದ್ದೆ? ಭಯ ಹೋಗಲಿ, ಆಮೇಲೆ ಬಾಗಿಲು ತೆಗೆಯುತ್ತೇನೆ ಅಂತ. ಭಯ ಹೋಗಲೇ ಇಲ್ಲ. ಆಗ ಇನ್ನೊಂದು ಭಯ ಬಂತು, ನನ್ನ ವಿಶ್ವಾಸವೇ ಖಾಲಿ ಇರಬೇಕು ಅಂತ. ಸತ್ಯವೇದದಲ್ಲಿ, ಅಂದರೆ ಬೈಬಲ್‌ನಲ್ಲಿ, ಎಲ್ಲಿ ತೆರೆದರೂ "ಹೆದರಬೇಡ" ಅಂತಲೇ ಕಾಣುತ್ತಿತ್ತು. ಅದು ಸಮಾಧಾನದ ಮಾತಾಗಿ ಕೇಳಲಿಲ್ಲ, ಬೈಗುಳದ ಹಾಗೆ ಕೇಳಿಸುತ್ತಿತ್ತು.

2022ರಲ್ಲಿ ಪವಿತ್ರ ಗುರುವಾರವೂ ಅಂಬೇಡ್ಕರ್ ಜಯಂತಿಯೂ ಒಂದೇ ದಿನ ಬಂದವು, ಏಪ್ರಿಲ್ 14. ಆ ಸಂಜೆ ನಮ್ಮ ಸಭಾಪಾಲಕರು ಪ್ರಸಂಗದ ನಡುವೆ ಸಂವಿಧಾನದ 25ನೇ ವಿಧಿ ಬಗ್ಗೆ ಮಾತಾಡಿದರು. ತನ್ನ ಮನಸ್ಸಿಗೆ ಒಪ್ಪಿದ ಧರ್ಮವನ್ನು ನಂಬುವುದಕ್ಕೆ, ಆಚರಿಸುವುದಕ್ಕೆ ಎಲ್ಲರಿಗೂ ಹಕ್ಕಿದೆ, ಮನೆಯಲ್ಲಿ ಕೂತು ಪ್ರಾರ್ಥನೆ ಮಾಡುವುದು ಕಳ್ಳತನ ಅಲ್ಲ ಎಂದರು. ಆಮೇಲೆ ಮಾರ್ಟಿನ್ ಲೂಥರ್ ಕಿಂಗ್ ವಿಷಯ ಹೇಳಿದರು. 1956ರ ಜನವರಿ, ಅಮೆರಿಕದ ಮಾಂಟ್ಗೊಮರಿ ಊರು, ಅವರ ಮುಂದಾಳತ್ವದಲ್ಲಿ ಕರಿಯರು ಬಸ್ ಬಹಿಷ್ಕಾರ ನಡೆಸುತ್ತಿದ್ದ ಕಾಲ. ನಡುರಾತ್ರಿ ಬೆದರಿಕೆಯ ಫೋನ್ ಬಂತು. ಹೆಂಡತಿ, ಪುಟ್ಟ ಮಗು ಮಲಗಿದ್ದರು. ಆ ಮನುಷ್ಯ ಅಡುಗೆಮನೆಗೆ ಹೋಗಿ ಕಾಫಿ ಕಾಸಿಕೊಂಡು, ಮೇಜಿನ ಮೇಲೆ ತಲೆ ಬಗ್ಗಿಸಿ ಕೂತು, ನನಗೆ ಹೆದರಿಕೆ ಆಗಿದೆ, ಶಕ್ತಿ ಮುಗಿದಿದೆ ಅಂತ ದೇವರ ಮುಂದೆ ಬಾಯಿಬಿಟ್ಟು ಹೇಳಿಕೊಂಡರು. ಅಲ್ಲಿಂದ ಎದ್ದಾಗ ನಿಲ್ಲುವ ಬಲ ಬಂದಿತ್ತು. ಮೂರು ದಿನಕ್ಕೆ ಅವರ ಮನೆಗೆ ಬಾಂಬು ಬಿತ್ತು, ಆದರೂ ನಿಂತರು.

ನನ್ನ ಕಿವಿಗೆ ಬಿದ್ದದ್ದು ಬಾಂಬಲ್ಲ, ಆ ಅಡುಗೆಮನೆ. ಅಂಥ ದೊಡ್ಡ ಮನುಷ್ಯ ಹೆದರಿಕೆ ಆಗಿದೆ ಅಂತ ದೇವರಿಗೇ ಹೇಳಬಹುದಾದರೆ ನಾನ್ಯಾಕೆ ಮುಚ್ಚಿಟ್ಟುಕೊಂಡಿದ್ದೇನೆ? ಆ ರಾತ್ರಿ ನಮ್ಮ ಅಡುಗೆಮನೆಯಲ್ಲಿ, ಆ ಕ್ಯಾಲೆಂಡರಿನ ಕೆಳಗೆ, ಮೊದಲ ಸಲ ನೆಟ್ಟಗೆ ಹೇಳಿದೆ. ಕರ್ತನೇ, ನನಗೆ ಅವರ ಭಯ ಇದೆ, ನಾಲ್ಕು ಮಂದಿಯ ಮಾತಿನ ಭಯ ಇದೆ, ಗಿರಾಕಿ ಹೋಗುವ ಭಯ ಇದೆ, ಮಗಳಿಗೆ ಏನಾದರೂ ಆದೀತು ಅನ್ನುವ ಭಯ ಇದೆ. ಬಸ್ಸಿನಲ್ಲಿ ನಿನ್ನನ್ನು ಗೊತ್ತಿಲ್ಲ ಅಂದೆ. ಅಷ್ಟೇ ಹೇಳಿದ್ದು. ಬೇಡಿಕೆ ಏನೂ ಇಡಲಿಲ್ಲ.

ಶನಿವಾರ ರಾತ್ರಿ ಹಳೇ ಹುಬ್ಬಳ್ಳಿಯಲ್ಲಿ ಗಲಾಟೆ ಆಯಿತು. ಒಂದು ಮೊಬೈಲ್ ಪೋಸ್ಟಿನಿಂದ ಶುರುವಾಗಿ ಕಲ್ಲು ತೂರಾಟದವರೆಗೆ ಹೋಯಿತು, ಪೊಲೀಸರಿಗೂ ಪೆಟ್ಟಾಯಿತು, ನಿಷೇಧಾಜ್ಞೆ ಹಾಕಿದರು. ನಮ್ಮ ತಮ್ಮ ಹುಬ್ಬಳ್ಳಿಯಲ್ಲಿದ್ದಾನೆ. ಯೇಸುಸ್ವಾಮಿ ಎದ್ದುಬಂದ ದಿನವಾದ ಈಸ್ಟರ್‌ಗೆ, ಸಮಾಧಿ ತೋಟದ ಆರಾಧನೆಗೆ ಹೋಗಲು ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಮೊಬೈಲ್ ನೋಡಿದರೆ ಬರೀ ಅದೇ. ಆ ಗಲಾಟೆಗೂ ನಮಗೂ ಸಂಬಂಧ ಇರಲಿಲ್ಲ. ಆದರೆ ಒಂದು ಊರಿಗೆ ಬೆಂಕಿ ಬಿದ್ದರೆ ಅದು ಯಾರ ಮನೆ ಅಂತ ಕೇಳಿ ಹಬ್ಬುತ್ತದಾ? ನಮ್ಮವರು "ಕತ್ತಲಾಗ ಹೋಗೂದು ಬ್ಯಾಡ, ಒಂಬತ್ತಕ್ಕ ಚರ್ಚಿಗೆ ಹೋಗೋಣು" ಎಂದರು. ನಾನು ತಮ್ಮನಿಗೆ ಫೋನ್ ಮಾಡಿ, ಅವನು ಮನೆಯಲ್ಲಿ ಹುಷಾರಾಗಿ ಇದ್ದಾನೆ ಅಂತ ಕೇಳಿಕೊಂಡು, ಮಗಳನ್ನು ಕರೆದುಕೊಂಡು ಹೊರಟೆ. ಧೈರ್ಯದಿಂದ ಹೊರಟೆ ಅಂದರೆ ಸುಳ್ಳಾಗುತ್ತದೆ. ಮನೆಯಲ್ಲಿ ಕೂರಲು ಆಗಲಿಲ್ಲ, ಅಷ್ಟೇ. ನಮ್ಮವರೂ ಹಿಂದಿನಿಂದ ಬಂದರು.

ಸಮಾಧಿ ತೋಟದಲ್ಲಿ ನಲವತ್ತು ಮಂದಿ ಇದ್ದಿರಬಹುದು, ಪ್ರತಿ ವರ್ಷ ಇದರ ಮೂರು ಪಟ್ಟು ಇರುತ್ತಾರೆ. ಮೇಣದಬತ್ತಿ ಗಾಳಿಗೆ ಆರುತ್ತಿದ್ದವು, ಒಬ್ಬರದರಿಂದ ಒಬ್ಬರು ಹಚ್ಚಿಕೊಳ್ಳುತ್ತಿದ್ದೆವು. ಯೋಹಾನನ ಸುವಾರ್ತೆಯ 20ನೇ ಅಧ್ಯಾಯವನ್ನು ಪೂರ್ತಿ ಓದಿದರು. ಚಿಕ್ಕಂದಿನಿಂದ ಕೇಳಿದ ಅಧ್ಯಾಯ. ಆ ದಿನ ಮಾತ್ರ ಒಂದು ಕಡೆ ನನಗೆ ಕಾಲೇ ಏಳದ ಹಾಗಾಯಿತು. ಬೆಳಿಗ್ಗೆ ಮಗ್ದಲದ ಮರಿಯಳು ಬಂದು, ಸ್ವಾಮಿಯನ್ನು ನೋಡಿದ್ದೇನೆ ಅಂತ ಶಿಷ್ಯರಿಗೆ ಹೇಳುತ್ತಾಳೆ. ಅದೇ ಸಂಜೆ ಆ ಶಿಷ್ಯರು ಭಯದಿಂದ ಬಾಗಿಲು ಮುಚ್ಚಿಕೊಂಡು ಕೂತಿದ್ದಾರೆ. ಸುದ್ದಿ ಗೊತ್ತಿದೆ, ಆದರೂ ಚಿಲಕ ಹಾಕಿದ್ದಾರೆ. ಯೇಸುಸ್ವಾಮಿ ಬಂದು ಅವರ ನಡುವೆ ನಿಂತು, "ನಿಮಗೆ ಸಮಾಧಾನವಾಗಲಿ" ಎನ್ನುತ್ತಾನೆ. ಬಾಗಿಲು ಯಾಕೆ ಹಾಕಿದಿರಿ ಅಂತ ಕೇಳುವುದಿಲ್ಲ. ಓಡಿಹೋದಿರಲ್ಲ ಅಂತ ಕೇಳುವುದಿಲ್ಲ. ಕೈ ತೋರಿಸುತ್ತಾನೆ, ಗಾಯ ತೋರಿಸುತ್ತಾನೆ. ಅದಾಗಿ ಎಂಟು ದಿನಕ್ಕೆ ಮತ್ತೆ ಸೇರುತ್ತಾರೆ. ಆಗಲೂ ಬಾಗಿಲು ಮುಚ್ಚಿದೆ! ಕಣ್ಣಾರೆ ನೋಡಿದ ಮೇಲೂ ಇನ್ನೊಂದು ವಾರ ಆ ಬಾಗಿಲು ಮುಚ್ಚಿಯೇ ಇತ್ತು. ಅವನು ಮತ್ತೆ ಒಳಗೆ ಬಂದ, ಮತ್ತೆ ಅದೇ ಮಾತು ಹೇಳಿದ.

ಎಷ್ಟೋ ಪ್ರಸಂಗ ಕೇಳಿದ್ದೇನೆ. ಆ ಎಂಟು ದಿನದ ಬಗ್ಗೆ ಯಾರೂ ನನಗೆ ಹೇಳಿರಲಿಲ್ಲ. ಮೇಣ ಕೈಮೇಲೆ ಬಿದ್ದದ್ದೂ ತಿಳಿಯಲಿಲ್ಲ, ಮಗಳು ಒರೆಸಿದಳು.

ಆರಾಧನೆ ಮುಗಿದ ಮೇಲೆ ನಮ್ಮ ಸಿಸ್ಟರ್ ಅಜ್ಜಿ ತನ್ನ ಗಂಡನ ಸಮಾಧಿಯ ಕಟ್ಟೆಯ ಮೇಲೆ ಕೂತಿದ್ದಳು. ನರ್ಸ್ ಆಗಿ ನಿವೃತ್ತಿಯಾದವಳು, ಎಂಬತ್ತು ದಾಟಿದವಳು. ಎಲ್ಲರೂ ಸಿಸ್ಟರ್ ಅಜ್ಜಿ ಅಂತಲೇ ಕರೆಯುತ್ತೇವೆ. ಪಕ್ಕದಲ್ಲಿ ಕೂತು ಬಸ್ಸಿನ ವಿಷಯ ಪೂರ್ತಿ ಹೇಳಿದೆ, ಶೆಡ್ಡಿನವರ ವಿಷಯವನ್ನೂ ಹೇಳಿದೆ. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದಳು.

"ಪೇತ್ರ ಎಲ್ಲಿ ಕುಂತು ಇಲ್ಲಾ ಅಂದಾ?"

"ಮಹಾಯಾಜಕನ ಅಂಗಳದಾಗ" ಎಂದೆ. ಸ್ವಾಮಿಯನ್ನು ಹಿಡಿದೊಯ್ದ ರಾತ್ರಿ ಶಿಷ್ಯ ಪೇತ್ರ ಅವನನ್ನು ಗೊತ್ತೇ ಇಲ್ಲ ಅಂದಿದ್ದ.

"ಬೆಂಕಿ ಕಾಸಗೋತ ಕುಂತಿದ್ದ. ಇದ್ದಲಿ ಬೆಂಕಿ. ಆಮ್ಯಾಲೆ ಕೆರಿ ದಂಡಿಮ್ಯಾಗ ಸ್ವಾಮಿ ಅವಂಗ ಮೀನ ಸುಟ್ಟು ಕೊಟ್ಟಾನಲ್ಲ, ಅದೂ ಇದ್ದಲಿ ಬೆಂಕಿನ. ಅದ ವಾಸನಿ. ಎಲ್ಲಿ ಬಿದ್ದಿದ್ನೋ ಅಲ್ಲೇ ಎಬ್ಬಸ್ಯಾನ." ಆಮೇಲೆ ನನ್ನ ಮೊಣಕೈ ಹಿಡಿದು ಹೇಳಿದಳು, "ನಿನಗ ಯಾರ ಹೆದರಿಕಿ ಅದನೋ ಅವರ ಹೆಸರ ಹಿಡಿದು ದಿನಾ ಪ್ರಾರ್ಥನಾ ಮಾಡು. ಹಗೆಯವರು ಅಂತ ಗುಂಪಿಗೆ ಮಾಡಬ್ಯಾಡ. ಒಬ್ಬರದು, ಹೆಸರ ಹಿಡಿದು."

ಎದುರು ಮನೆಯ ಅಕ್ಕನ ಹೆಸರು ಹಿಡಿದೆ. ಮೊದಮೊದಲು ಬಾಯಿಗೇ ಬರುತ್ತಿರಲಿಲ್ಲ. ಅವಳಿಗೆ ಬುದ್ಧಿ ಕೊಡು ಅಂತ ಬರುತ್ತಿತ್ತು, ಅದು ಪ್ರಾರ್ಥನೆ ಅಲ್ಲ. ಒಡಿಶಾದಲ್ಲಿ 1999ರಲ್ಲಿ ಗಂಡ ಗ್ರಹಾಂ ಸ್ಟೇನ್ಸ್ ಮತ್ತು ಇಬ್ಬರು ಗಂಡುಮಕ್ಕಳನ್ನು ಸುಟ್ಟವರನ್ನು ಕ್ಷಮಿಸಿದ್ದೇನೆ ಎಂದು ಹೇಳಿ, ಆಮೇಲೂ ಅಲ್ಲೇ ಉಳಿದು ಕುಷ್ಠರೋಗಿಗಳ ಸೇವೆ ಮಾಡಿದ ಗ್ಲಾಡಿಸ್ ಅಮ್ಮನವರನ್ನು ನೆನೆಸಿಕೊಳ್ಳುತ್ತಿದ್ದೆ. ನನ್ನ ಪಾಲಿಗೆ ಬಂದದ್ದು ಒಂದು ಜಂಪರ್. ಹತ್ತು ದಿನ ಕಳೆದ ಮೇಲೆ ಪ್ರಾರ್ಥನೆಯಲ್ಲಿ ಅವಳ ಮೊಣಕಾಲು ನೋವು ನೆನಪಾಯಿತು. ಬೆಂಗಳೂರಿನಲ್ಲಿ ಕೆಲಸ ಬಿಟ್ಟು ಮನೆಗೆ ಬಂದು ಕೂತ ಅವಳ ಮಗ ನೆನಪಾದ. ಹೆಸರು ಹಿಡಿದರೆ ಹೀಗಾಗುತ್ತದೆ, ಆ ಮನುಷ್ಯರು ಪೂರ್ತಿಯಾಗಿ ಕಣ್ಣ ಮುಂದೆ ಬಂದು ನಿಲ್ಲುತ್ತಾರೆ. ಮೂರು ವಾರಕ್ಕೆ ನಾನು ಕಿಟಕಿಯಿಂದ ಅವಳು ಹೇಗೆ ನಡೆಯುತ್ತಾಳೆ ಅಂತ ನೋಡುತ್ತಿದ್ದೆ, ನೋವು ಕಡಿಮೆ ಆಗಿದೆಯಾ ಅಂತ.

ಮೇ ತಿಂಗಳ ಮೊದಲ ವಾರ ಮಶೀನಿನ ಕೆಳಗೆ ಕಸ ಗುಡಿಸುವಾಗ ಪೆಡಲ್ ಹಿಂದೆ ಸಿಕ್ಕಿಕೊಂಡಿದ್ದ ಒಂದು ಹಸಿರು ತುಂಡು ಸಿಕ್ಕಿತು. ಕೆಂಪು ಅಂಚು, ಮೇಲೆ ನನ್ನ ಸುಣ್ಣದ ಗೆರೆ. ಅಕ್ಕನ ಜಂಪರಿನ ಒಂದು ತೋಳು. ಆ ದಿನ ಕೈ ನಡುಗುತ್ತಿದ್ದಾಗ ಬಿದ್ದು ಹೋಗಿರಬೇಕು.

ಅದನ್ನು ಕೈಯಲ್ಲಿ ಹಿಡಿದು ಅರ್ಧ ತಾಸು ಕೂತೆ. ನಮ್ಮ ಬಾಗಿಲಿನಿಂದ ಅವಳ ಬಾಗಿಲಿಗೆ ಹದಿನೈದು ಹೆಜ್ಜೆ ಇದ್ದಾವು. ಎದೆ ಎಷ್ಟು ಹೊಡೆದುಕೊಳ್ಳುತ್ತಿತ್ತು ಅಂದರೆ ಅಂಗಳದಲ್ಲೇ ಒಂದು ಸಲ ನಿಂತೆ. ಹೋಗಿ ಚಿಲಕ ಬಡಿದೆ. ಬಾಗಿಲು ತೆಗೆದಳು. ತೋಳಿನ ತುಂಡನ್ನು ಚಾಚಿದೆ.

ಅಕ್ಕ ಅದನ್ನು ನೋಡಿದಳು, ನನ್ನನ್ನು ನೋಡಿದಳು. ಒಳಗೆ ಹೋಗಿ ಅದೇ ಕೈಚೀಲ ತಂದಳು. ಗಂಟು ಹಾಗೇ ಇತ್ತು. "ಬ್ಯಾರೆ ಕಡೆ ಕೊಟ್ಟಿದ್ನೆವಾ. ಒಂದು ತೋಳಿಲ್ಲ, ಬ್ಯಾರೆದವರ ಕತ್ತರಿ ನಾ ಹೊಲಿಯಂಗಿಲ್ಲ ಅಂದ." ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ಒಳಗ ಬಾ, ಹೊರಗ ನಿಂತ್ರ ಮಂದಿ ನೋಡ್ತಾರ" ಎಂದಳು.

ಒಳಗೆ ಕೂತ ಮೇಲೆ ಅವಳೇ ಮಾತು ತೆಗೆದಳು. ದನಿ ಮುದ್ರಣ ಕೇಳಿದ್ದಳು. ಅದರಲ್ಲಿನ ಒಂದು ಮಾತನ್ನೂ ನಂಬಿರಲಿಲ್ಲ. "ನಿನ್ನ ನಾ ಇಪ್ಪತ್ತ ವರ್ಷ ನೋಡೀನಿ, ನಿನಗ ಮಂದೀಗೆ ಕೊಡಾಕ ದುಡ್ಡು ಎಲ್ಲೈತಿ?" ಎಂದಳು. ಹಾಗಾದರೆ ಯಾಕೆ ಯಕ್ಕಾ ಎಂದೆ. "ಹೆದರಿಕಿ ಆತವಾ. ನಿಮ್ಮ ಮನಿಗೆ ಬಂದು ಹೋಗೂದು ನೋಡಿದ್ರ ನಮ್ಮ ಮಗಗ ಯಾರರ ಏನರ ಅಂದಾರು ಅಂತ. ಅವ ಮೊದಲ ಕೆಲಸಿಲ್ದ ಕುಂತಾನ."

ನಾನು ನಾಲ್ಕು ತಿಂಗಳು ಚಿಲಕದ ಈ ಕಡೆ ಕೂತು ಅವಳಿಗೆ ಹೆದರಿದ್ದೆ. ಅವಳು ತನ್ನ ಚಿಲಕದ ಆ ಕಡೆ ಕೂತು ಹೆದರಿದ್ದಳು. ನನಗಲ್ಲ, ನಾನು ಯಾರಿಗೆ ಹೆದರಿದ್ದೆನೋ ಅದೇ ಮುಖ ಕಾಣದ ದನಿಗೆ. ಇದನ್ನು ತಿಳಿಯಲು ಹದಿನೈದು ಹೆಜ್ಜೆ ಸಾಕಾಗಿತ್ತು. ನಮ್ಮ ಗದಗಿನಲ್ಲಿ ವೀರನಾರಾಯಣ, ತ್ರಿಕೂಟೇಶ್ವರ ಗುಡಿಗಳೂ ಇವೆ, ಜುಮ್ಮಾ ಮಸೀದಿಯೂ ಇದೆ. ಪಕ್ಕದ ಹಾವೇರಿ ಜಿಲ್ಲೆಯ ಶಿಶುನಾಳದ ಷರೀಫ್ ಸಾಹೇಬರಿಗೆ ಗುರು ಆದವರು ಗೋವಿಂದ ಭಟ್ಟರು. ಇಂಥ ನೆಲದ ಮಂದಿ ನಾವು, ಒಂದು ನಿಮಿಷದ ದನಿಗೆ ಬಾಗಿಲು ಹಾಕಿಕೊಂಡು ಕೂತೆವಲ್ಲ ಅಂತ ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಶೆಡ್ಡಿನವರ ಮನೆಗೆ ಆ ಭಾನುವಾರವೇ ಹೋದೆ. ನೀವು ಪ್ರಾರ್ಥನೆ ಕೇಳಿದ್ದಿರಿ, ನಾನು ಮಾಡಲಿಲ್ಲ, ಮಾಡುತ್ತೇನೆ ಅಂತ ಸುಳ್ಳು ಹೇಳಿದೆ, ಕ್ಷಮಿಸಿರಿ ಎಂದೆ. ಆ ತಾಯಿ ಅತ್ತಳು. ಆರು ತಿಂಗಳಲ್ಲಿ ನಮ್ಮ ದೊಡ್ಡ ಸಭೆಯಿಂದ ಅವರ ಮನೆಗೆ ಹೋದವರು ಯಾರೂ ಇಲ್ಲವಂತೆ. ಅವರು ಹಾಡುವ ರೀತಿ ನನಗೆ ಈಗಲೂ ಹಿಡಿಸುವುದಿಲ್ಲ. ಅವರಿಗೆ ನಮ್ಮ ಹಳೇ ಕೀರ್ತನೆಗಳು ನಿಧಾನ ಅನ್ನಿಸುತ್ತವೆ. ಇರಲಿ. ಅವರು ಬೇರೆ ಅಂತ ಮಾತ್ರ ನಾನು ಇನ್ನು ಯಾವ ಮರದ ಕೆಳಗೂ ಹೇಳುವುದಿಲ್ಲ.

ಗುರುವಾರ ಮತ್ತೆ ಶುರು ಮಾಡೋಣ ಅಂದುಕೊಳ್ಳುವಷ್ಟರಲ್ಲಿ, ಮೇ 17ಕ್ಕೆ, ಮತಾಂತರ ನಿಷೇಧದ ಆ ಮಸೂದೆ ಸುಗ್ರೀವಾಜ್ಞೆಯಾಗಿ ಜಾರಿಗೆ ಬಂತು. ನಿಜವಾಗಿ ಹೆದರಬೇಕಾದ ಹೊತ್ತು ಈಗ ಬಂದಿತ್ತು ಅನ್ನಬಹುದು. ನಮ್ಮವರು ಮತ್ತು ಸಭೆಯ ಇಬ್ಬರು ಹಿರಿಯರು ಓಣಿಯ ಹಿರಿಯರ ಬಳಿ ಹೋಗಿ ಕೂತು ಮಾತಾಡಿದರು. ಗುರುವಾರ ಸಂಜೆ ಆರರಿಂದ ಏಳು ನಮ್ಮ ಮನೆಯಲ್ಲಿ ಪ್ರಾರ್ಥನೆ ಇರುತ್ತದೆ, ಮೈಕ್ ಇಲ್ಲ, ನಮ್ಮ ಸಭೆಯವರೇ ಇರುತ್ತಾರೆ, ಬಾಗಿಲು ತೆಗೆದಿರುತ್ತದೆ, ಯಾರು ಬೇಕಾದರೂ ಬಂದು ನೋಡಬಹುದು ಅಂತ ಬಾಯಿಬಿಟ್ಟು ಹೇಳಿದರು. ಒಬ್ಬ ಹಿರಿಯರು, "ಇದನ್ನ ಮೊದಲ ಹೇಳಬೇಕಾಗಿತ್ತಲ್ಲೋ" ಎಂದರಂತೆ. ಇನ್ನೊಬ್ಬರು ಏನೂ ಹೇಳದೆ ಎದ್ದು ಹೋದರಂತೆ. 112 ನಂಬರನ್ನು ದೊಡ್ಡದಾಗಿ ಬರೆದು ಮಶೀನಿನ ಪಕ್ಕ ಅಂಟಿಸಿದೆ. ದೇವರ ಮೇಲೆ ಭಾರ ಹಾಕುವುದಕ್ಕೂ ಪೊಲೀಸರ ನಂಬರ್ ಇಟ್ಟುಕೊಳ್ಳುವುದಕ್ಕೂ ನನಗೆ ವಿರೋಧ ಕಾಣಲಿಲ್ಲ.

ಮೇ 26, ಸ್ವರ್ಗಾರೋಹಣದ ಗುರುವಾರ. ಬೆಳಿಗ್ಗೆಯೇ ಕ್ಯಾಲೆಂಡರನ್ನು ಅಡುಗೆಮನೆಯಿಂದ ತಂದು ಮಗಳ ಕೈಗೆ ಕೊಟ್ಟೆ, ಅವಳು ಅದೇ ಮೊಳೆಗೆ ಹಾಕಿದಳು. ಸಂಜೆ ಆರಕ್ಕೆ ಬಾಗಿಲ ಎರಡೂ ಕದ ತೆಗೆದು, ಗಾಳಿಗೆ ಬಡಿದುಕೊಳ್ಳಬಾರದು ಅಂತ ಒಂದಕ್ಕೆ ಇಸ್ತ್ರಿ ಪೆಟ್ಟಿಗೆ, ಇನ್ನೊಂದಕ್ಕೆ ಕಲ್ಲು ಆನಿಸಿದೆ. ಬಂದವರು ನಾಲ್ಕು ಮಂದಿ, ಸಿಸ್ಟರ್ ಅಜ್ಜಿ ಸೇರಿ. ಚಪ್ಪಲಿ ಹೊರಗೇ ಬಿಟ್ಟರು. ಹಾಡು ಎತ್ತಿದೆ. ಎರಡನೇ ಸಾಲಿಗೆ ಬರುವಾಗ ಬೀದಿಯಲ್ಲಿ ಒಂದು ಬೈಕು ನಿಂತಿತು. ಇಬ್ಬರು ಹುಡುಗರು. ಒಬ್ಬ ಮೊಬೈಲ್ ಎತ್ತಿ ನಮ್ಮ ಕಡೆ ಹಿಡಿದ.

ನನ್ನ ದನಿ ಅಲ್ಲೇ ನಿಂತಿತು. ಚಿಕ್ಕಂದಿನಿಂದ ಹಾಡಿದ ಸಾಲು ನೆನಪಿಗೇ ಬರಲಿಲ್ಲ. ಅಜ್ಜಿ ನಡುಗುವ ದನಿಯಲ್ಲಿ ಅದೇ ಸಾಲನ್ನು ಎತ್ತಿಕೊಂಡು ಹೋದಳು. ಉಳಿದವರು ಸೇರಿದರು. ಮೂರನೇ ಸಾಲಿಗೆ ನಾನೂ ಸೇರಿದೆ. ಬೆನ್ನಿನ ಮೇಲೆ ಬೆವರು ಇಳಿಯುತ್ತಿತ್ತು, ಹಾಡುತ್ತಾ ಇದ್ದೆ. ಹುಡುಗರು ಎರಡು ಹಾಡು ಪೂರ್ತಿ ನಿಂತು ಹೋದರು. ಮುಂದಿನ ವಾರ ಒಬ್ಬನೇ ಬಂದ. ಅದರ ಮುಂದಿನ ವಾರ ಯಾರೂ ಬರಲಿಲ್ಲ. ಆ ವಿಡಿಯೋ ಎಲ್ಲಿಗೆ ಹೋಯಿತೋ ನನಗೆ ಗೊತ್ತಾಗಲಿಲ್ಲ.

ಸೆಪ್ಟೆಂಬರಿನಲ್ಲಿ ಕಾಯ್ದೆ ಬಂತು, ಮುಂದಿನ ವರ್ಷ ಜೂನಿನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ಹಿಂತೆಗೆದುಕೊಳ್ಳುವ ತೀರ್ಮಾನ ಮಾಡಿತು. ನಮ್ಮ ಗುರುವಾರ ಎರಡು ಕಾಲದಲ್ಲೂ ನಡೆಯಿತು. ಎಂಟು ಮಂದಿ ಮತ್ತೆ ಎಂಟಾಗಲಿಲ್ಲ, ಆರೇ ಇದ್ದೇವೆ. ಒಬ್ಬಳು ಇವತ್ತಿಗೂ ಬರುವುದಿಲ್ಲ, ಅವಳ ಗಂಡ ಬಿಡುವುದಿಲ್ಲ. ಅವಳನ್ನು ಯಾರೂ ಏನೂ ಅನ್ನಬಾರದು ಅಂತ ನಾನು ಹೇಳಿಟ್ಟಿದ್ದೇನೆ. ಅವಳಿಗೆ ಎಂಟು ದಿನದ ಬದಲು ಎಂಟು ವರ್ಷ ಬೇಕಾಗಬಹುದು.

ಅಕ್ಕನ ಹಸಿರು ಜಂಪರನ್ನು ಆ ವರ್ಷದ ಪಂಚಮಿಗೆ ಮುಗಿಸಿ ಕೊಟ್ಟೆ. ಹಾಕಿಕೊಂಡು ನೋಡಿ, "ತೋಳು ಬಿಗಿ ಆತು, ಸ್ವಲ್ಪ ಬಿಚ್ಚು" ಎಂದಳು. ಬಿಚ್ಚಿ ಕೊಟ್ಟೆ. ತಂಬಿಟ್ಟಿನ ಉಂಡಿ ಕೊಟ್ಟಳು. ತಪ್ಪಾಯಿತು ಅಂತ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವಳ ಹೆಸರು ಹಿಡಿದು ಪ್ರಾರ್ಥನೆ ಮಾಡುವುದನ್ನು ನಿಲ್ಲಿಸಿಲ್ಲ. ಮಗನಿಗೆ ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕಿತು.

ಕಳೆದ ದೀಪಾವಳಿಗೆ ಮುಂಚೆ ಮತ್ತೆ ದುರ್ಗದ ಬೈಲಿಗೆ ಹೋಗಿದ್ದೆ. ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಪಕ್ಕದಲ್ಲಿ ಬೇರೆ ಒಬ್ಬ ಹೆಂಗಸು, ನನಗಿಂತ ಹಿರಿಯಳು. ಯಾವ ಊರು, ಎಷ್ಟು ಮಕ್ಕಳು ಅಂತ ಕೇಳುತ್ತಾ ಕೇಳುತ್ತಾ ಆ ಪ್ರಶ್ನೆಗೂ ಬಂದಳು. "ಯಾವ ಮಂದಿರೀ ನೀವು?"

ಎದೆ ಆ ದಿನದ ಹಾಗೇ ಹೊಡೆದುಕೊಂಡಿತು. ಒಂದಿಷ್ಟೂ ಕಡಿಮೆ ಇರಲಿಲ್ಲ.

"ನಾವು ಕ್ರೈಸ್ತರ್ರೀ. ಬೆಟಗೇರಿಯವರು."

"ಹೌದನ್ರಿ" ಎಂದಳು. ಆಮೇಲೆ ಮಾತಾಡಲಿಲ್ಲ. ಅಣ್ಣಿಗೇರಿ ಬಂತು, ಎದ್ದಳು, ಸೀಟಿನ ಕಂಬಿ ಹಿಡಿದು ನನ್ನ ಕಡೆ ತಿರುಗಿ, "ಬರ್ತೀನ್ರಿ" ಎಂದಳು. "ಹೂನ್ರಿ, ಸಾವಕಾಶ ಇಳೀರಿ" ಎಂದೆ. ನನ್ನ ಕೈ ಇನ್ನೂ ತಣ್ಣಗಿತ್ತು. ಅಸ್ತರದ ಗಂಟನ್ನು ಮಡಿಲಿಗೆ ಎಳೆದುಕೊಂಡು ಕಿಟಕಿಯ ಗಾಜು ಸರಿಸಿದೆ.